ಸುಸ್ತು ಬಿಡುತ್ತಿಲ್ಲ, ಓಟ ನಿಧಾನವಾಗುತ್ತಿದೆ: ವ್ಯಾಯಾಮ ಜಾಸ್ತಿ ಆಯ್ತು ಅಂತ ತಿಳಿಯೋದು ಹೇಗೆ?

ಕೆರೆ ಓಟ, ಮೈಸೂರು

ಎಲ್ಲರಿಗೂ ನಮಸ್ಕಾರ. ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ಓಡುವ ಗುಂಪು ನಮ್ಮದು. ಬ್ಯಾಂಕಿನವರು, ಟೀಚರ್‌ಗಳು, ರಿಟೈರ್ ಆದವರು, ಕಾಲೇಜು ಹುಡುಗರು ಎಲ್ಲ ಇದ್ದೇವೆ. ಯಾವ ದಿನ ಎಷ್ಟು ಓಟ ಅನ್ನುವ ಪಟ್ಟಿ ನೋಡಿಕೊಳ್ಳುವುದು ನಾನು. ಒಬ್ಬರ ವಿಷಯ ಕೇಳಬೇಕಿತ್ತು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅವರು ಹೆಣ್ಣುಮಗಳು, ಹೈಸ್ಕೂಲ್ ಟೀಚರ್, ವಯಸ್ಸು ಮೂವತ್ತೇಳು. ಏಪ್ರಿಲ್‌ನಲ್ಲಿ ಬೆಂಗಳೂರಿನ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದಾರೆ. ಬೆಳಿಗ್ಗೆ ನಮ್ಮ ಜೊತೆ ಓಟ, ಸಂಜೆ ಜಿಮ್, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಡಿಸೆಂಬರ್ ತನಕ ಎಲ್ಲ ಚೆನ್ನಾಗಿಯೇ ಇತ್ತು. ಶಾಲೆಯ ಕಥೆ ಹೇಳುತ್ತಾ ಹೇಳುತ್ತಾ ಇಡೀ ಕೆರೆ ಸುತ್ತುತ್ತಿದ್ದರು. ಈಗ ಅದೇ ವೇಗಕ್ಕೆ ಅರ್ಧ ಸುತ್ತಿನಲ್ಲೇ ಮಾತು ನಿಲ್ಲುತ್ತದೆ. ಕಾಲು ಕಲ್ಲಾಗಿದೆ ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಸಂಕ್ರಾಂತಿಗೆ ಬಂದ ಶೀತ ಇನ್ನೂ ಹೋಗಿಲ್ಲ. ಮಕ್ಕಳ ಮೇಲೆ ಸುಮ್ನೆ ರೇಗುತ್ತಿದ್ದೇನೆ ಅಂತ ಅವರೇ ಬೇಜಾರು ಮಾಡಿಕೊಂಡರು.

ನನಗೆ ಹೆದರಿಕೆ ಆಗಿದ್ದು ಇದಕ್ಕಲ್ಲ. "ನಂಗೆ ಶ್ರಮ ಸಾಲ್ತಿಲ್ಲ" ಅಂತ ಅವರು ಗುರುವಾರ ಸಂಜೆಗೆ ಇನ್ನೊಂದು ವೇಗದ ಓಟ ಸೇರಿಸಿಕೊಂಡಿದ್ದಾರೆ! ಇದು ಓವರ್‌ಟ್ರೈನಿಂಗ್ ಹೌದಾ? ಹೌದಾದರೆ ಗುರುತಿಸುವುದು ಹೇಗೆ? ಅಷ್ಟು ಆಸೆ ಇಟ್ಟುಕೊಂಡು ಓಡುವವರಿಗೆ ಹೇಳುವುದು ಹೇಗೆ?

ಕಬ್ಬಿಣ, ದಾವಣಗೆರೆ

ಮೇಡಂ, ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಜಿಮ್‌ನಲ್ಲಿ ಟ್ರೈನರ್. ಓವರ್‌ಟ್ರೈನಿಂಗ್ ಅನ್ನುವ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ವಾರಕ್ಕೆ ಮೂರು ದಿನ ಬಂದು ಅರ್ಧ ಗಂಟೆ ಮೊಬೈಲ್ ನೋಡುವವರೂ "ಸರ್, ಓವರ್‌ಟ್ರೈನ್ ಆಗಿದೆ" ಅಂತ ಒಂದು ವಾರ ರಜೆ ಹಾಕುತ್ತಾರೆ. ಅದೇನಿದ್ದರೂ ರಯಾನ್ ಹಾಲ್ ಅಂಥವರಿಗೆ. ಅಮೆರಿಕದ ಓಟಗಾರ, 2007ರಲ್ಲಿ ಹಾಫ್ ಮ್ಯಾರಥಾನನ್ನು 59 ನಿಮಿಷ 43 ಸೆಕೆಂಡಿನಲ್ಲಿ ಮುಗಿಸಿದವರು. 2016ರಲ್ಲಿ, 33ನೇ ವಯಸ್ಸಿಗೆ, ಬಿಡದ ಸುಸ್ತಿನಿಂದ ಓಟವನ್ನೇ ಬಿಟ್ಟರು. ಅವರು ಪಡುತ್ತಿದ್ದ ಶ್ರಮದಲ್ಲಿ ಕಾಲು ಭಾಗವನ್ನೂ ನಾವು ಪಡುವುದಿಲ್ಲ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂರುವ ಜನಕ್ಕೆ "ಜಾಸ್ತಿ ಮಾಡಬೇಡಿ" ಅಂತ ಹೇಳುವುದೇ ಅಪಾಯ. ಟೀಚರ್ ಅವರಿಗೆ ನಿದ್ದೆ, ಊಟ ಸರಿ ಇಲ್ಲ ಅನಿಸುತ್ತದೆ. ಅದನ್ನು ಸರಿ ಮಾಡಿ, ಎಲ್ಲ ಸರಿ ಹೋಗುತ್ತದೆ.

ಫಿಸಿಯೋ, ಧಾರವಾಡ

ಕಬ್ಬಿಣ ಸರ್ ಅರ್ಧ ಸರಿ ಹೇಳಿದ್ದಾರೆ. ಆ ಇನ್ನರ್ಧವೇ ದಿನಾ ನನ್ನ ಕ್ಲಿನಿಕ್‌ಗೆ ಬರುವುದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಯುರೋಪಿಯನ್ ಕಾಲೇಜ್ ಆಫ್ ಸ್ಪೋರ್ಟ್ ಸೈನ್ಸ್ ಮತ್ತು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸೇರಿ 2013ರಲ್ಲಿ ಇದರ ಬಗ್ಗೆ ಒಂದು ಜಂಟಿ ಹೇಳಿಕೆ ಕೊಟ್ಟವು. ಅವರು ಇದನ್ನು ಮೂರು ಹಂತವಾಗಿ ನೋಡುತ್ತಾರೆ. ಮೊದಲನೆಯದು ಬೇಕಂತಲೇ ಒಂದಷ್ಟು ಜಾಸ್ತಿ ದಣಿಯುವುದು. ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ ಕಡಿಮೆ ಮಾಡಿದರೆ ಮೈ ಮೊದಲಿಗಿಂತ ಗಟ್ಟಿಯಾಗಿ ಎದ್ದು ಬರುತ್ತದೆ. ಕ್ರೀಡಾಪಟುಗಳು ಕ್ಯಾಂಪ್‌ನಲ್ಲಿ ಮಾಡುವುದು ಇದನ್ನೇ, ಇದರಲ್ಲಿ ತಪ್ಪಿಲ್ಲ. ಎರಡನೆಯದರಲ್ಲಿ ವಾರಗಟ್ಟಲೆ ವಿಶ್ರಾಂತಿ ಕೊಟ್ಟರೂ ಹಳೆಯ ಮಟ್ಟ ಬೇಗ ಬರುವುದಿಲ್ಲ. ನಿದ್ದೆ, ಮನಸ್ಸು ಎರಡೂ ಕೆಡುತ್ತವೆ. ಮೂರನೆಯದು ನಿಜವಾದ ಓವರ್‌ಟ್ರೈನಿಂಗ್ ಸಿಂಡ್ರೋಮ್. ಸುಧಾರಿಸಲು ತಿಂಗಳುಗಳು ಬೇಕು, ಕೆಲವರಿಗೆ ಅದಕ್ಕಿಂತಲೂ ಜಾಸ್ತಿ.

ಮೂರನೆಯದು ನಮ್ಮಂಥ ಸಾಮಾನ್ಯರಲ್ಲಿ ಅಪರೂಪ, ಒಪ್ಪುತ್ತೇನೆ. ಆದರೆ ಯಾರು ಯಾವ ಹಂತದಲ್ಲಿದ್ದಾರೆ ಅಂತ ಆ ಹೊತ್ತಿಗೆ ಹೇಳಲು ಆಗುವುದಿಲ್ಲ. ಚೇತರಿಸಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಅಂತ ಆಮೇಲೆ ನೋಡಿಯೇ ಹಂತ ಹೇಳಬೇಕು. ಹಾಗಾಗಿ "ಇದು ಅದಲ್ಲ ಬಿಡಿ" ಅಂತ ಮುಂದುವರಿಯುವುದು ಸರಿಯಲ್ಲ.

ಇನ್ನೊಂದು. ದಣಿವನ್ನು ಬರೀ ಕಿ.ಮೀ. ಲೆಕ್ಕದಲ್ಲಿ ಅಳೆಯಬೇಡಿ. ಟೀಚರ್ ಬೆಳಿಗ್ಗೆ ಓಡಿ, ಅಡುಗೆ ಮಾಡಿ, ಬಸ್ ಹಿಡಿದು, ಇಡೀ ದಿನ ನಿಂತೇ ಪಾಠ ಮಾಡುತ್ತಾರೆ. ಇದು ಪ್ರಿಪರೇಟರಿ ಪರೀಕ್ಷೆಯ ಕಾಲ ಬೇರೆ. ಕ್ಯಾಂಪ್‌ನ ಕ್ರೀಡಾಪಟು ಎರಡು ಓಟದ ನಡುವೆ ಮಧ್ಯಾಹ್ನ ಮಲಗುತ್ತಾರೆ. ಇವರು ಉತ್ತರ ಪತ್ರಿಕೆ ತಿದ್ದುತ್ತಾರೆ. ಓಟ ಕಡಿಮೆಯಾದರೂ ಮೈ ಮೇಲೆ ಬೀಳುವ ಒಟ್ಟು ಭಾರ ಕಡಿಮೆ ಏನಲ್ಲ.

ಗುರುತಿಸಲು ನಾನು ನಂಬುವುದು ಇದು: ಹಗುರವಾಗಿದ್ದ ಓಟ ಕಷ್ಟವಾಗುತ್ತಿದೆಯೇ, ಮತ್ತು ಎರಡು ವಾರದಿಂದ ಹಾಗೇ ಇದೆಯೇ? ಒಂದು ದಿನ ಕಾಲು ಭಾರ ಇದ್ದರೆ ಅದು ಸಹಜ. ಅದೇ ದಾರಿ, ಅದೇ ವೇಗ, ಆದರೆ ಮಾತಾಡಲು ಆಗುತ್ತಿಲ್ಲ ಅಂದರೆ ಅದನ್ನು ಗಮನಿಸಲೇಬೇಕು. ಮೇಡಂ, ನೀವು ಕೆರೆ ಸುತ್ತಿನಲ್ಲಿ ಕಂಡಿದ್ದೂ ಅದನ್ನೇ.

ಜೊತೆಗೆ ಬೆಳಗಿನ ನಾಡಿ. ಎಚ್ಚರವಾದ ಕೂಡಲೇ, ಹಾಸಿಗೆ ಬಿಡುವ ಮೊದಲು, ಫೋನ್ ಮುಟ್ಟುವ ಮೊದಲು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. ಎರಡು ವಾರದಲ್ಲಿ ನಿಮ್ಮ ಮಾಮೂಲಿ ಸಂಖ್ಯೆ ಗೊತ್ತಾಗುತ್ತದೆ. ಅದಕ್ಕಿಂತ 5ರಿಂದ 10 ಜಾಸ್ತಿ ಇದ್ದು ಮೂರ್ನಾಲ್ಕು ದಿನ ಇಳಿಯದಿದ್ದರೆ, ಮೈ ಇನ್ನೂ ಸುಧಾರಿಸಿಕೊಂಡಿಲ್ಲ ಅಥವಾ ಜ್ವರ ಬರುವುದರಲ್ಲಿದೆ. ನಾಡಿ ಒಂದನ್ನೇ ನಂಬಬೇಡಿ. ತುಂಬ ದಿನದಿಂದ ದಣಿದ ಓಟಗಾರರಲ್ಲಿ ಕೆಲವರಿಗೆ ಅದು ಏರುವ ಬದಲು ಇಳಿಯುವುದೂ ಉಂಟು.

ಗರಡಿ ಹುಡುಗ, ಮೈಸೂರು

ಮೇಡಂ ನಮ್ಮೂರಿನವರೇ. ನಾನು ಓಟಗಾರ ಅಲ್ಲ, ಗರಡಿಯ ಮಟ್ಟಿಯಲ್ಲಿ, ಅಂದರೆ ಕುಸ್ತಿಯ ಮಣ್ಣಿನಲ್ಲಿ, ಸಾಮು ಮಾಡಿ ಬೆಳೆದವನು. ದಸರಾ ಕುಸ್ತಿ ಹತ್ತಿರ ಬಂದಾಗ ಹುಡುಗರೆಲ್ಲ ಪೈಪೋಟಿಗೆ ಬಿದ್ದು ಬಸ್ಕಿ, ದಂಡ ಏರಿಸುತ್ತಾರೆ. ನಮ್ಮ ಉಸ್ತಾದರ ಹತ್ತಿರ ವಾಚೂ ಇಲ್ಲ, ಪುಸ್ತಕವೂ ಇಲ್ಲ. ಅವರು ಮೊದಲು ನೋಡುವುದು ಊಟ. ಸಾಮು ಮಾಡಿದ ಹುಡುಗ ಮುದ್ದೆ ಎರಡು ಕೇಳಬೇಕು. ಅರ್ಧ ಮುದ್ದೆ ಬಿಟ್ಟು ಎದ್ದರೆ "ನಾಳೆ ಮಟ್ಟಿಗೆ ಇಳೀಬೇಡ, ಬಂದು ಎಣ್ಣೆ ಹಚ್ಚಿಸ್ಕೋ" ಅನ್ನುತ್ತಾರೆ. ಎರಡನೆಯದು ಹಿಡಿತ. ಕೈ ಕುಲುಕಿದ ಹಾಗೆ ಹಿಡಿದು ನೋಡುತ್ತಾರೆ. ಹಿಡಿತ ಸಡಿಲ ಇದ್ದರೆ ಆ ದಿನ ಜೋಡಿ ಕೊಡುವುದಿಲ್ಲ. ಸುಸ್ತಾದ ಕೈ ಜಾರಿದರೆ ಕುತ್ತಿಗೆ ಉಳುಕುತ್ತದೆ, ಭುಜ ಕೀಳುತ್ತದೆ.

ಹೊಸಬರಿಗೆ ಇನ್ನೂ ಬಿಗಿ. ಎಷ್ಟೇ ದಷ್ಟಪುಷ್ಟ ಇದ್ದರೂ ಮೊದಲ ವಾರ ಬಸ್ಕಿ ಎಣಿಸಿ ಕೊಡುತ್ತಾರೆ. ಮಟ್ಟಿ ಅಗೆಯುವ ಕೆಲಸವನ್ನೂ ಸಾಮಿನ ಲೆಕ್ಕಕ್ಕೇ ಹಿಡಿಯುತ್ತಾರೆ.

ಡಾಕ್ಟರ್, ಶಿವಮೊಗ್ಗ

ಗರಡಿಯ ಮಾತು ಓದಿ ಖುಷಿಯಾಯಿತು. ಹಸಿವು ಸಾಯುವುದು ದೊಡ್ಡ ಗುರುತು, ನಾವೂ ಕೇಳುತ್ತೇವೆ.

ಆದರೆ ಎಲ್ಲರೂ ಸ್ವಲ್ಪ ನಿಲ್ಲಿ. ಓವರ್‌ಟ್ರೈನಿಂಗ್ ಅಂತ ತೀರ್ಮಾನಿಸುವ ಮೊದಲು ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಓವರ್‌ಟ್ರೈನಿಂಗ್ ಪತ್ತೆ ಮಾಡುವ ರಕ್ತ ಪರೀಕ್ಷೆ ಯಾವುದೂ ಇಲ್ಲ. ಉಳಿದದ್ದೆಲ್ಲ ಅಲ್ಲ ಅಂತಾದ ಮೇಲೆ ಉಳಿಯುವ ಹೆಸರು ಅದು. ಮೂವತ್ತೇಳರ ಹೆಣ್ಣುಮಗಳು ಸುಸ್ತು ಅಂದರೆ ನಾನು ಮೊದಲು ನೋಡುವುದು ಹಿಮೋಗ್ಲೋಬಿನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇದ್ದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು, ಹಗುರ ಓಟಕ್ಕೂ ಏದುಸಿರು ಬರುತ್ತದೆ. ಥೈರಾಯ್ಡ್ ಕಡಿಮೆಯಾದರೂ ಹೀಗೇ. ಬಿ12, ವಿಟಮಿನ್ ಡಿ, ಸಕ್ಕರೆ ಕಾಯಿಲೆ, ಡೆಂಗಿಯಂಥ ಜ್ವರ ಬಂದು ಹೋದ ನಂತರದ ನಿಶ್ಶಕ್ತಿ, ಖಿನ್ನತೆ, ಇವೆಲ್ಲ ನೋಡಬೇಕು. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಸಕ್ಕರೆ ಮಾಡಿಸಿಕೊಂಡು ಹತ್ತಿರದ ಡಾಕ್ಟರ್‌ಗೆ ತೋರಿಸಲಿ. ಫೆರಿಟಿನ್ ಯಾಕೆ ಅಂದರೆ, ಹಿಮೋಗ್ಲೋಬಿನ್ ಸರಿ ಇದ್ದೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು.

ಮತ್ತೆ ಎರಡು ಪ್ರಶ್ನೆ, ಮುಜುಗರ ಬೇಡ. ಅವರು ದಿನಕ್ಕೆ ಏನೇನು ಊಟ ಮಾಡುತ್ತಾರೆ? ಮುಟ್ಟು ಸರಿಯಾಗಿ ಆಗುತ್ತಿದೆಯೇ?

ಕೆರೆ ಓಟ, ಮೈಸೂರು

ಡಾಕ್ಟರ್, ಕೇಳಿದೆ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಓಟಕ್ಕೆ ಬರುತ್ತಾರೆ. ತಿಂಡಿಗೆ ಟೈಮ್ ಸಿಕ್ಕರೆ ಎರಡು ಇಡ್ಲಿ, ಇಲ್ಲದಿದ್ದರೆ ಅದೂ ಇಲ್ಲ. ಡಬ್ಬಿಯಲ್ಲಿ ಎರಡು ಚಪಾತಿ, ಪಲ್ಯ. ಜಿಮ್ ಮುಗಿಸಿ ಬಂದು ರಾತ್ರಿ ಸೌತೆಕಾಯಿ, ಕ್ಯಾರೆಟ್, ಒಂದು ಲೋಟ ಮಜ್ಜಿಗೆ. ತೂಕ ಇಳಿಸಬೇಕು ಅಂತ ದೀಪಾವಳಿಯಿಂದ ಅನ್ನ ಬಿಟ್ಟಿದ್ದಾರೆ. ಮುಟ್ಟು ಎರಡು ತಿಂಗಳಿಂದ ಸರಿಯಾಗಿ ಆಗಿಲ್ಲವಂತೆ. ಇದೆಲ್ಲ ಓಟಕ್ಕೆ ಸಂಬಂಧ ಅಂತ ಅವರು ಅಂದುಕೊಂಡೇ ಇರಲಿಲ್ಲ.

ಡಾಕ್ಟರ್, ಶಿವಮೊಗ್ಗ

ಹಾಗಾದರೆ ನನಗೆ ಮುಖ್ಯ ಅನಿಸುವುದು ಊಟವೇ. ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ ರೆಡ್-ಎಸ್, ಅಂದರೆ ಕ್ರೀಡೆಯಲ್ಲಿ ಶಕ್ತಿಯ ಕೊರತೆ, ಅಂತ ಹೆಸರಿಟ್ಟರು. ಖರ್ಚಾಗುವಷ್ಟು ಶಕ್ತಿ ಊಟದಲ್ಲಿ ಬರದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಮೊದಲು ಕೈ ಬಿಡುವುದು ಆ ಹೊತ್ತಿಗೆ ಬದುಕಲು ಬೇಡದ ಕೆಲಸಗಳನ್ನು. ಮುಟ್ಟು ಏರುಪೇರಾಗುತ್ತದೆ ಅಥವಾ ನಿಲ್ಲುತ್ತದೆ, ಎಲುಬು ಕಟ್ಟುವುದು ನಿಧಾನವಾಗುತ್ತದೆ, ಶೀತ ನೆಗಡಿ ತಡೆಯುವ ಶಕ್ತಿ ಕುಗ್ಗುತ್ತದೆ. ಗಂಡಸರಲ್ಲೂ ಆಗುತ್ತದೆ, ಅವರಿಗೆ ಮುಟ್ಟಿನಂಥ ಎಚ್ಚರಿಕೆ ಇಲ್ಲದ್ದರಿಂದ ತಡವಾಗಿ ಗೊತ್ತಾಗುತ್ತದೆ. ಹೊರಗಿಂದ ನೋಡಿದರೆ ಓವರ್‌ಟ್ರೈನಿಂಗ್ ಥರವೇ ಕಾಣುತ್ತದೆ. ಆದರೆ ಊಟ ಹೆಚ್ಚಿಸದೆ ಬರೀ ವಿಶ್ರಾಂತಿ ಕೊಟ್ಟರೆ ಪೂರ್ತಿ ಸರಿ ಹೋಗುವುದಿಲ್ಲ.

ಗರ್ಭ ಪರೀಕ್ಷೆ ಒಂದು ಮಾಡಿಸಿ ಬಿಡಲಿ, ಅದು ಮೊದಲ ಹೆಜ್ಜೆ. ಆಮೇಲೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಲಿ. ಅನ್ನ ಬಿಟ್ಟದ್ದನ್ನು ವಾಪಸ್ ಶುರು ಮಾಡಲಿ. ಓಟಕ್ಕೆ ಮೊದಲು ಒಂದು ಬಾಳೆಹಣ್ಣು, ಓಟ ಮುಗಿದ ಮೇಲೆ ಹೊಟ್ಟೆ ತುಂಬ ತಿಂಡಿ, ರಾತ್ರಿ ಅನ್ನ, ಬೇಳೆ, ಮೊಸರು. ಕಾಫಿ, ಟೀ ಊಟದ ಜೊತೆ ಬೇಡ, ಒಂದು ಗಂಟೆ ಅಂತರ ಇರಲಿ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಅಂಶವನ್ನು ಅವು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡರೆ ಹತ್ತುವುದು ಜಾಸ್ತಿ.

ಫಿಸಿಯೋ, ಧಾರವಾಡ

ಮುಟ್ಟಿನ ವಿಷಯ ಬಂದದ್ದರಿಂದ ಒಂದು ಮಾತು ಸೇರಿಸಲೇಬೇಕು. ಮೊಣಕಾಲಿನ ಕೆಳಗೆ, ಎದುರು ಎಲುಬಿನ ಮೇಲೆ ಬೆರಳಿಟ್ಟು ಒತ್ತುತ್ತಾ ಬರಲಿ. ಉದ್ದಕ್ಕೂ ಮಂದವಾದ ನೋವಿದ್ದರೆ ಒಂದು ಲೆಕ್ಕ. ಒಂದೇ ಜಾಗದಲ್ಲಿ, ಒಂದು ಬೆರಳಿನಷ್ಟು ಅಗಲದಲ್ಲಿ ಚುರುಕ್ ಅನ್ನುವ ನೋವಿದ್ದು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಜಾಸ್ತಿಯಾದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಆವತ್ತೇ ಓಟ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಹೋಗಲಿ. ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, "ಎಕ್ಸ್‌ರೇ ನಾರ್ಮಲ್" ಅಂತ ಓಡಲು ಹೋಗಬಾರದು. ತೊಡೆಸಂದಿಯಲ್ಲಿ ಆಳವಾದ ನೋವಿದ್ದರಂತೂ ಒಂದು ದಿನವೂ ತಡ ಮಾಡಬಾರದು.

ನೈಟ್ ಶಿಫ್ಟ್, ಬೆಂಗಳೂರು

ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಆರಕ್ಕೆ ಬಂದು ನೇರ ಜಿಮ್, ಆಮೇಲೆ ನಿದ್ದೆ. ವಾಚಿನಲ್ಲಿ ಎಚ್‌ಆರ್‌ವಿ ಅಂತ ಒಂದು ಸಂಖ್ಯೆ ಬರುತ್ತದೆ. ಹದಿನೈದು ದಿನದಿಂದ ಕೆಂಪು. ನನಗೆ ಮಾತ್ರ ಚೆನ್ನಾಗೇ ಅನಿಸುತ್ತದೆ. ಯಾರನ್ನು ನಂಬಲಿ?

ಕಬ್ಬಿಣ, ದಾವಣಗೆರೆ

ಗುರು, ಜಿಮ್‌ಗೆ ಮೊದಲು ಪ್ರೀ-ವರ್ಕ್‌ಔಟ್ ಪುಡಿ ಕುಡೀತೀಯಾ? ಅದರಲ್ಲಿ ಇರುವುದು ಮುಖ್ಯವಾಗಿ ಕೆಫೀನ್. "ಚೆನ್ನಾಗೇ ಅನಿಸುತ್ತೆ" ಅನ್ನಿಸುವುದು ಅದೇ. ಒಂದು ವಾರ ಪುಡಿ ಇಲ್ಲದೆ ಮಾಡು, ಆಗ ಎತ್ತಿದ ತೂಕ ಏನು ಹೇಳುತ್ತೆ ನೋಡು.

ಫಿಸಿಯೋ, ಧಾರವಾಡ

ಕಬ್ಬಿಣ ಸರ್ ಹೇಳಿದ್ದು ನಿಜ. ಎಚ್‌ಆರ್‌ವಿ ಅಂದರೆ ಒಂದು ಎದೆಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ. ಒಂದು ದಿನದ ಸಂಖ್ಯೆಗೆ ಬೆಲೆ ಇಲ್ಲ. ಮದುವೆ ಊಟ, ಒಂದು ಬಿಯರ್, ಸೆಖೆ ಯಾವುದರಿಂದಲೂ ಇಳಿಯುತ್ತದೆ. ಹದಿನೈದು ದಿನ ಇಳಿದೇ ಇದ್ದರೆ ಮಾತ್ರ ಮೈ ಸುಧಾರಿಸಿಕೊಂಡಿಲ್ಲ ಅಂತ ಅರ್ಥ. ನಿಮಗೆ ಹಗಲು ನಿದ್ದೆ ಎಷ್ಟು ಗಂಟೆ ಸಿಗುತ್ತಿದೆ ಅನ್ನುವುದೇ ಉತ್ತರ. ಐದು ಗಂಟೆಗಿಂತ ಕಡಿಮೆ ಮಲಗಿದ ದಿನ ತೂಕ ಎತ್ತಬೇಡಿ, ಅರ್ಧ ಗಂಟೆ ನಡೆಯಿರಿ ಸಾಕು. ಸಾಧ್ಯವಾದರೆ ಮಲಗಿ ಎದ್ದ ಮೇಲೆ, ಸಂಜೆ ಪಾಳಿಗೆ ಹೊರಡುವ ಮೊದಲು ಜಿಮ್ ಇಟ್ಟುಕೊಳ್ಳಿ.

ಈಜು ಅಮ್ಮ, ಬೆಂಗಳೂರು

ನನ್ನ ಮಗನಿಗೆ ಹದಿಮೂರು. ಈಜಿನಲ್ಲಿ ರಾಜ್ಯ ಮಟ್ಟಕ್ಕೆ ಹೋಗಬೇಕು ಅಂತ ಆಸೆ, ಅವನದೂ ಹೌದು, ಕೋಚ್‌ದೂ ಹೌದು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ವಾರಕ್ಕೆ ಆರು ದಿನ. ಸಮಯ ಸುಧಾರಿಸುತ್ತಿಲ್ಲ. ನೀರು ಕಂಡರೆ ಕುಣಿಯುತ್ತಿದ್ದವನು ಈಗ ಬ್ಯಾಗ್ ಎತ್ತಲು ಅಳುಮುಖ ಮಾಡುತ್ತಾನೆ. ಕೋಚ್ ಇದು ಸೋಮಾರಿತನ ಅನ್ನುತ್ತಾರೆ. ಮಕ್ಕಳಿಗೂ ಇದು ಆಗುತ್ತದಾ?

ಫಿಸಿಯೋ, ಧಾರವಾಡ

ಆಗುತ್ತದೆ ಅಮ್ಮ. ಮಕ್ಕಳಲ್ಲಿ ಬೇಗ ಕಾಣುವುದೇ ಮನಸ್ಸಿನಲ್ಲಿ. ಇಷ್ಟಪಟ್ಟು ಮಾಡುತ್ತಿದ್ದದ್ದು ಬೇಡ ಅನಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಈಜುಗಾರರನ್ನು ವಿಲಿಯಂ ಮಾರ್ಗನ್ ಅನ್ನುವ ಮನಶ್ಶಾಸ್ತ್ರಜ್ಞರು ಹಲವು ವರ್ಷ ಗಮನಿಸಿ 1987ರಲ್ಲಿ ವರದಿ ಬರೆದರು. ತರಬೇತಿ ಏರಿದಂತೆ ಈಜುಗಾರರ ಮನಸ್ಸು ಕೆಡುತ್ತಾ ಹೋಯಿತು, ತರಬೇತಿ ಇಳಿಸಿದಾಗ ಸರಿಯಾಯಿತು. ಅದು ಸೋಮಾರಿತನ ಆಗಿದ್ದರೆ ತರಬೇತಿಯ ಜೊತೆ ಹೀಗೆ ಹೆಜ್ಜೆ ಹಾಕುತ್ತಿರಲಿಲ್ಲ.

ಮಕ್ಕಳ ಕ್ರೀಡಾ ವೈದ್ಯರು ಬಳಸುವ ಒಂದು ಅಂದಾಜು ಇದೆ. ವಾರದ ತರಬೇತಿಯ ಗಂಟೆ ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು. ಹದಿಮೂರು ವರ್ಷಕ್ಕೆ ಹದಿಮೂರು ಗಂಟೆ. ನಿಮ್ಮ ಮಗ ವಾರಕ್ಕೆ ಇಪ್ಪತ್ನಾಲ್ಕು ಗಂಟೆ ನೀರಲ್ಲಿದ್ದಾನೆ, ಲೆಕ್ಕ ಹಾಕಿ. ಅಮೆರಿಕದ ಮಕ್ಕಳ ವೈದ್ಯರ ಸಂಘ ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ ಕೊಡಿ, ವರ್ಷದಲ್ಲಿ ಒಟ್ಟು ಎರಡು ಮೂರು ತಿಂಗಳು ಆ ಆಟದಿಂದ ದೂರ ಇಡಿ ಅನ್ನುತ್ತದೆ. ಒಮ್ಮೆಲೇ ಮೂರು ತಿಂಗಳು ಬೇಡ, ಒಂದೊಂದು ತಿಂಗಳಂತೆ ಬಿಡಿಬಿಡಿಯಾಗಿ ಕೊಡಬಹುದು. ಬೇಸಿಗೆ ರಜೆಯಲ್ಲಿ ಅಜ್ಜಿ ಊರಿಗೆ ಕಳಿಸಿ, ಕ್ರಿಕೆಟ್ ಆಡಲಿ, ಸೈಕಲ್ ಹೊಡೆಯಲಿ. ಕೋಚ್ ಜೊತೆ ಜಗಳ ಬೇಡ. ಎರಡು ವಾರ ಸಂಜೆಯ ಸೆಷನ್ ನಿಲ್ಲಿಸಿ ನೋಡೋಣ ಅಂತ ಕೇಳಿ.

ಹಾಸನ ಹುಡುಗ

ಅಪ್ಪು ಸರ್ ಹೋದಾಗಿನಿಂದ ನಮ್ಮಮ್ಮ ಜಿಮ್ ಅಂದರೆ ಹೆದರುತ್ತಾರೆ. ಓವರ್‌ಟ್ರೈನಿಂಗ್ ಆದರೆ ಹಾರ್ಟ್ ಅಟ್ಯಾಕ್ ಆಗುತ್ತದಾ ಡಾಕ್ಟರ್?

ಡಾಕ್ಟರ್, ಶಿವಮೊಗ್ಗ

2021ರ ಅಕ್ಟೋಬರ್ 29 ನಮಗ್ಯಾರಿಗೂ ಮರೆಯುವಂಥದ್ದಲ್ಲ. ಆಮೇಲೆ ವಾರಗಟ್ಟಲೆ ಬೆಂಗಳೂರಿನ ಜಯದೇವದಲ್ಲಿ ತಪಾಸಣೆಗೆ ಜನವೋ ಜನ. ಆದರೆ ಒಬ್ಬರ ಸಾವಿಗೆ ಏನು ಕಾರಣ ಅಂತ ಇಲ್ಲಿ ಕೂತು ಊಹಿಸುವುದು ಸರಿಯಲ್ಲ, ನಾನು ಮಾಡುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಎರಡೂ ಬೇರೆ ಬೇರೆ. ಓವರ್‌ಟ್ರೈನಿಂಗ್ ನಿಧಾನವಾಗಿ ಕವಿಯುವ ದಣಿವು. ಹೃದಯಾಘಾತ ಬಹುಪಾಲು ರಕ್ತನಾಳದ ತೊಂದರೆ. ನಿಯಮಿತ ವ್ಯಾಯಾಮ ಅದನ್ನು ತಡೆಯಲು ನೆರವಾಗುತ್ತದೆ, ಅಮ್ಮನಿಗೆ ಇದನ್ನು ಖಂಡಿತ ಹೇಳಿ. ಆದರೆ ಶ್ರಮಪಟ್ಟಾಗ ಎದೆ ಹಿಂಡಿದಂತಾಗುವುದು, ನೋವು ದವಡೆಗೆ ಅಥವಾ ತೋಳಿಗೆ ಇಳಿಯುವುದು, ವ್ಯಾಯಾಮದ ನಡುವೆ ಕಣ್ಣು ಕತ್ತಲೆ ಬಂದು ಬೀಳುವುದು, ಇವನ್ನು ಸುಸ್ತು ಅಂತ ತಳ್ಳಿ ಹಾಕಬಾರದು. ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಹಠಾತ್ತಾಗಿ ತೀರಿಕೊಂಡಿದ್ದರೆ ಜಿಮ್ ಸೇರುವ ಮೊದಲೇ ಹೃದ್ರೋಗ ತಜ್ಞರನ್ನು ನೋಡಿ.

ಜ್ವರ ಇದ್ದಾಗ ವ್ಯಾಯಾಮ ಬೇಡವೇ ಬೇಡ. ವೈರಸ್ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ಊತ ತರುತ್ತದೆ, ಆಗ ಓಡುವುದು ಅಪಾಯ. ಬರೀ ಮೂಗು ಸೋರುತ್ತಿದ್ದರೆ ಹಗುರವಾಗಿ ನಡೆಯಬಹುದು. ಮೈಕೈ ನೋವು, ಎದೆಯಲ್ಲಿ ಕಫ, ಜ್ವರ ಇದ್ದರೆ ಮಲಗಬೇಕು.

ಗರಡಿ ಹುಡುಗ ಹೊಸಬರ ಬಸ್ಕಿ ಎಣಿಸುವುದು ಹೇಳಿದರಲ್ಲ, ಅದರ ಹಿಂದೆ ದೊಡ್ಡ ಕಾರಣ ಇದೆ. ಅಭ್ಯಾಸ ಇಲ್ಲದವರು ಒಂದೇ ದಿನ ನೂರಾರು ಬಸ್ಕಿ ಹೊಡೆದರೆ ತೊಡೆಯ ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ರಾಬ್ಡೋ ಅನ್ನುತ್ತಾರೆ. ಒಂದೆರಡು ದಿನದಲ್ಲಿ ತೊಡೆ ಊದಿ, ಕಾಲು ಮಡಚಲಾಗದೆ, ಮೂತ್ರ ಕಪ್ಪು ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಮನೆಮದ್ದು, ನೋವಿನ ಮಾತ್ರೆ ಏನೂ ಬೇಡ. ನೇರ ಎಮರ್ಜೆನ್ಸಿಗೆ ಹೋಗಿ. ಜನವರಿಯಲ್ಲಿ ಹೊಸದಾಗಿ ಜಿಮ್ ಸೇರುವ ಹುಡುಗರಿಗೆ ಟ್ರೈನರ್‌ಗಳು ಇದನ್ನು ಮೊದಲ ದಿನವೇ ಹೇಳಬೇಕು.

ಕಬ್ಬಿಣ, ದಾವಣಗೆರೆ

ಹೇಳುತ್ತೇನೆ ಡಾಕ್ಟರ್. ನಮ್ಮ ಜಿಮ್‌ನ ಗೋಡೆ ಮೇಲೆ ಬರೆಸುತ್ತೇನೆ ಕೂಡ.

ತೂಕ ಎತ್ತುವವರಿಗೆ ನನ್ನ ಕಡೆಯಿಂದ. ಮರುದಿನದ ಮೈಕೈ ನೋವು ಓವರ್‌ಟ್ರೈನಿಂಗ್ ಅಲ್ಲ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಮೂರು ವಾರದಿಂದ ಅದೇ ತೂಕ ಅದೇ ಸಲ ಎತ್ತಲು ಆಗುತ್ತಿಲ್ಲ, ಮೊಣಕೈ ಭುಜ ಕಿರಿಕಿರಿ, ಜಿಮ್ ಬಾಗಿಲಿಗೆ ಬಂದರೆ ಬೇಡ ಅನಿಸುತ್ತದೆ ಅಂದರೆ ಆಗ ಯೋಚಿಸಿ. ನಾವು ಆರೇಳು ವಾರಕ್ಕೊಮ್ಮೆ ಒಂದು ಹಗುರ ವಾರ ಇಡುತ್ತೇವೆ. ಜಿಮ್‌ಗೆ ಬರುವುದು ನಿಲ್ಲಿಸುವುದಿಲ್ಲ, ಸೆಟ್ ಅರ್ಧ ಮಾಡುತ್ತೇವೆ. ಸೋಮಾರಿ ಆಗಬಾರದು ಅನ್ನುವ ನನ್ನ ಮಾತು ಈಗಲೂ ಹಾಗೇ ಇದೆ. ಆದರೆ ಟೀಚರ್ ಊಟದ ಪಟ್ಟಿ ನೋಡಿದ ಮೇಲೆ, ಅವರು ಗುರುವಾರದ ಓಟ ಇವತ್ತೇ ನಿಲ್ಲಿಸಬೇಕು.

ನಂದಿ ಸೈಕಲ್

ನಂದಿ ಬೆಟ್ಟ ಹತ್ತುವ ಗುಂಪುಗಳಲ್ಲಿ ನಾನು ಕಾಣುವ ತೊಂದರೆಯೇ ಬೇರೆ. ಎಲ್ಲರೂ ಎಲ್ಲ ದಿನವೂ ಮಧ್ಯಮ ಕಷ್ಟದಲ್ಲಿ ತುಳಿಯುತ್ತಾರೆ. ಹಗುರ ದಿನ ಹಗುರ ಅಲ್ಲ, ಕಷ್ಟದ ದಿನ ಕಷ್ಟ ಅಲ್ಲ. ಅಮೆರಿಕದ ಕಾರ್ಲ್ ಫಾಸ್ಟರ್ ಅನ್ನುವ ವಿಜ್ಞಾನಿ ಸುಲಭದ ಲೆಕ್ಕ ಕೊಟ್ಟಿದ್ದಾರೆ. ವ್ಯಾಯಾಮ ಮುಗಿದು ಅರ್ಧ ಗಂಟೆಗೆ ಎಷ್ಟು ಕಷ್ಟ ಆಯ್ತು ಅಂತ ಹತ್ತರಲ್ಲಿ ಅಂಕ ಕೊಡಿ, ಅದನ್ನು ನಿಮಿಷಗಳಿಂದ ಗುಣಿಸಿ. ಒಂದು ಗಂಟೆ, ಕಷ್ಟ 5 ಅಂದರೆ 300.

ದಿನಾ 300 ಮಾಡಿದರೆ ವಾರಕ್ಕೆ 2100. ಅದೇ 2100ನ್ನು 600, 100, 400, 100, 600, ಸೊನ್ನೆ, 300 ಅಂತ ಹಂಚಬಹುದು. ಮೊತ್ತ ಒಂದೇ. ಆದರೆ ಮೊದಲನೆಯದರಲ್ಲಿ ಸುಧಾರಿಸಿಕೊಳ್ಳಲು ಒಂದು ದಿನವೂ ಇಲ್ಲ. ಏರಿಳಿತ ಇಲ್ಲದ ಏಕತಾನದ ತರಬೇತಿ ಜಾಸ್ತಿ ದಣಿಸುತ್ತದೆ, ಕಾಯಿಲೆ ಬೀಳುವುದೂ ಅದರ ಜೊತೆ ಕಂಡಿದೆ ಅಂತ ಫಾಸ್ಟರ್ 1998ರಲ್ಲಿ ಬರೆದರು. ದೊಡ್ಡ ದೊಡ್ಡ ಓಟಗಾರರು, ಸೈಕಲ್‌ನವರು ಕೂಡ ಹತ್ತು ಸಲದಲ್ಲಿ ಸುಮಾರು ಎಂಟು ಸಲ ಹಗುರವಾಗಿಯೇ ಮಾಡುತ್ತಾರೆ ಅಂತ ಸ್ಟೀಫನ್ ಸೈಲರ್ ಅನ್ನುವ ಕ್ರೀಡಾ ವಿಜ್ಞಾನಿ ಲೆಕ್ಕ ತೋರಿಸಿದ್ದಾರೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಗುರ ಸವಾರಿಯ ಫೋಟೋ ಹಾಕಿದರೆ ಯಾರೂ ಲೈಕ್ ಕೊಡುವುದಿಲ್ಲ, ನನಗೆ ನಿಜಕ್ಕೂ ಬೇಜಾರಾಗುವುದು ಅದಕ್ಕೆ.

ನೈಟ್ ಶಿಫ್ಟ್, ಬೆಂಗಳೂರು

ವಾರಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬಾರದು ಅನ್ನುತ್ತಾರಲ್ಲ, ಅದು ಸಾಕಾಗಲ್ವಾ?

ಫಿಸಿಯೋ, ಧಾರವಾಡ

ನಿಯಮ ಅಂತ ಹಿಡಿದುಕೊಳ್ಳಬೇಡಿ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ನೋಡಿದ್ದರು, 2008ರಲ್ಲಿ ಪ್ರಕಟವಾಯಿತು. ಶೇ. 10ರಂತೆ ನಿಧಾನ ಏರಿಸಿದವರಿಗೂ ಮಾಮೂಲಿಯಾಗಿ ಏರಿಸಿದವರಿಗೂ ಆದ ಗಾಯಗಳು ಹೆಚ್ಚು ಕಡಿಮೆ ಸಮಾನ, ಸುಮಾರು ಐವರಲ್ಲಿ ಒಬ್ಬರಿಗೆ. ಯಾವ ಮೈಗೆ ಎಷ್ಟು ಅನ್ನುವುದು ನಿದ್ದೆ, ಊಟ, ಹಳೆಯ ಗಾಯ ನೋಡಿ ತೀರ್ಮಾನವಾಗಬೇಕು. ಒಂದೇ ದಿನದಲ್ಲಿ ಹಠಾತ್ ಏರಿಸುವುದನ್ನು ಮಾತ್ರ ತಪ್ಪಿಸಿ. ಮೂರು ಕಿ.ಮೀ. ಓಡುತ್ತಿದ್ದವರು ಭಾನುವಾರ ಸ್ನೇಹಿತರ ಜೊತೆ ಹತ್ತು ಓಡುವುದು ಬೇಡ.

ಕೆರೆ ಓಟ, ಮೈಸೂರು

ಎಲ್ಲರಿಗೂ ವರದಿ ಕೊಡುತ್ತಿದ್ದೇನೆ. ಟೀಚರ್ ಈ ಚರ್ಚೆ ಪೂರ್ತಿ ಓದಿದರು. ಪರೀಕ್ಷೆ ಮಾಡಿಸಿದರು. ಗರ್ಭ ಇಲ್ಲ. ಹಿಮೋಗ್ಲೋಬಿನ್ 9.8 ಮಾತ್ರ, ಫೆರಿಟಿನ್ ತುಂಬ ಕಡಿಮೆ, ಥೈರಾಯ್ಡ್ ಸರಿ ಇದೆ. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಕಾಲಿನ ಎಲುಬಿನಲ್ಲಿ ನೋವಿಲ್ಲ. ಗುರುವಾರದ ಓಟ ನಿಂತಿದೆ. ಜಿಮ್‌ಗೆ ಒಂದು ತಿಂಗಳು ರಜೆ. ಮನೆಯಲ್ಲಿ ಅನ್ನ ಮತ್ತೆ ಶುರುವಾಗಿದೆ. ಏಪ್ರಿಲ್ ಓಟ ಬಿಡಲು ಮನಸ್ಸಿಲ್ಲ, ಕಣ್ಣಲ್ಲಿ ನೀರಿತ್ತು. ಮತ್ತೆ ಓಟ ಶುರು ಮಾಡುವುದು ಯಾವಾಗ, ಹೇಗೆ?

ಡಾಕ್ಟರ್, ಶಿವಮೊಗ್ಗ

ಏಪ್ರಿಲ್ ಬೇಡ ಅಂತಲೇ ಹೇಳುತ್ತೇನೆ. ಮಾತ್ರೆ ಶುರು ಮಾಡಿದ ಮೇಲೆ ಹಿಮೋಗ್ಲೋಬಿನ್ ಏರಲು ವಾರಗಳು ಬೇಕು, ದಾಸ್ತಾನು ತುಂಬಲು ತಿಂಗಳುಗಳು. ಹಿಮೋಗ್ಲೋಬಿನ್ ಸರಿ ಹೋಯ್ತು ಅಂತ ಮಾತ್ರೆ ನಿಲ್ಲಿಸಬಾರದು, ಅವರ ಡಾಕ್ಟರ್ ಹೇಳುವ ತನಕ ತೆಗೆದುಕೊಳ್ಳಲಿ. ಊಟ ಸರಿ ಮಾಡಿದ ಮೇಲೂ ಮುಟ್ಟು ಬರದಿದ್ದರೆ, ಒಟ್ಟು ಮೂರು ತಿಂಗಳು ದಾಟುವ ಮೊದಲೇ ಮತ್ತೆ ಸ್ತ್ರೀರೋಗ ತಜ್ಞರನ್ನು ನೋಡಲಿ.

ಫಿಸಿಯೋ, ಧಾರವಾಡ

ಮೊದಲು ನಡಿಗೆ. ಬೆಳಿಗ್ಗೆ ಎದ್ದಾಗ ಮೈ ಹಗುರ ಅನಿಸಿ, ಒಂದು ವಾರ ನಿದ್ದೆ ಚೆನ್ನಾಗಿ ಬಂದು, ಹಸಿವು ಮರಳಿದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ದಿನ ಬಿಟ್ಟು ದಿನ. ಮಾತಾಡಲು ಆಗುವ ವೇಗದಲ್ಲಿ ಮಾತ್ರ. ಮೊದಲು ನಿಮಿಷ ಏರಿಸಿ, ಆಮೇಲೆ ದಿನ, ಕೊನೆಗೆ ವೇಗ. ಬೆಟ್ಟದ ಮೆಟ್ಟಿಲು ಎಲ್ಲದಕ್ಕಿಂತ ಕೊನೆಗೆ. ಮರುದಿನ ಬೆಳಿಗ್ಗೆ ನಾಡಿ ಏರಿದ್ದರೆ ಅಥವಾ ಕಾಲು ಭಾರ ಇದ್ದರೆ ಹಿಂದಿನ ಹಂತಕ್ಕೆ ಇಳಿಯಿರಿ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ನಡೆಯುವ ಬೆಂಗಳೂರಿನ ಮ್ಯಾರಥಾನ್ ದಿನ 10 ಕಿ.ಮೀ. ಓಟವೂ ಸಾಮಾನ್ಯವಾಗಿ ಇರುತ್ತದೆ, ಅದಕ್ಕೆ ಕಣ್ಣಿಡಲಿ.

ಕೆರೆ ಓಟ, ಮೈಸೂರು

ಅಕ್ಟೋಬರ್ ಅಂದ ಕೂಡಲೇ ಅವರ ಮುಖ ಸ್ವಲ್ಪ ಅರಳಿತು. ಏಪ್ರಿಲ್‌ಗೆ ನಮ್ಮ ಜೊತೆ ಬೆಂಗಳೂರಿಗೆ ಬಂದು ಬ್ಯಾಗ್, ನೀರು ನೋಡಿಕೊಳ್ಳುತ್ತಾರಂತೆ. ಗುಂಪಿನ ಪಟ್ಟಿಯನ್ನೂ ಬದಲಿಸಿದ್ದೇನೆ. ಮಂಗಳವಾರ, ಶನಿವಾರ ಮಾತ್ರ ಕಷ್ಟದ ಓಟ. ಉಳಿದ ದಿನ ಮಾತಾಡುತ್ತಾ ಓಡಬೇಕು. ಶುಕ್ರವಾರ ಯಾರೂ ಓಡುವಂತಿಲ್ಲ. ಶನಿವಾರ ಶುರು ಮಾಡುವ ಮೊದಲು ಒಬ್ಬೊಬ್ಬರನ್ನೂ ನಿದ್ದೆ, ಊಟ, ಬೆಳಗಿನ ನಾಡಿ ಕೇಳುತ್ತೇನೆ. ಹೆಂಗಸರು ಮುಟ್ಟಿನ ವಿಷಯ ಏನಿದ್ದರೂ ನನಗೆ ಬೇರೆಯಾಗಿ ಮೆಸೇಜ್ ಮಾಡಿ ಅಂತ ತಿಳಿಸಿದ್ದೇನೆ. ಆಗಲೇ ಇಬ್ಬರು ಮಾಡಿದ್ದಾರೆ. ಡಾಕ್ಟರ್, ಅವರಿಗೂ ಇದೇ ಪರೀಕ್ಷೆಗಳೇ ಸಾಕಾ?

ಡಾಕ್ಟರ್, ಶಿವಮೊಗ್ಗ

ಶುರುವಿಗೆ ಅವೇ ಸಾಕು. ಗರ್ಭ ಪರೀಕ್ಷೆ ಮರೆಯಬೇಡಿ. ವರದಿ ಬಂದ ಮೇಲೆ ಅಂಗಡಿಯಿಂದ ಮಾತ್ರೆ ತಂದು ನುಂಗದೆ ಡಾಕ್ಟರ್‌ಗೆ ತೋರಿಸಲಿ.